ಮೂಕವಾದ ಪೆಟ್ಟಿಗೆ ಮತ್ತೆ ನುಡಿದ ಬಗೆ

ಯಂತ್ರವೊಂದು ಕೆಟ್ಟಿತೆಂದರೆ ಅದರ ಒಳಗಿನ ಯಾವುದೋ ಭಾಗ ಸವೆದಿರಬೇಕು, ಸುಟ್ಟಿರಬೇಕು ಅಥವಾ ಮುರಿದಿರಬೇಕು ಎಂದು ನಾವೆಲ್ಲರೂ ಸಹಜವಾಗಿ ಭಾವಿಸುತ್ತೇವೆ. ಗಡಿಯಾರದ ಸ್ಪ್ರಿಂಗು ತುಂಡಾಗುವುದು, ಸೈಕಲ್ಲಿನ ಸರಪಳಿ ಕಳಚುವುದು, ದೀಪದೊಳಗಿನ ತಂತಿ ಉರಿದುಹೋಗುವುದು, ಇವೆಲ್ಲ ಕಣ್ಣಿಗೆ ಕಾಣುವ ಕೇಡುಗಳು. ಆದರೆ ಒಂದು ತಿರುಪೂ ಸಡಿಲವಾಗದೆ, ಒಂದು ತಂತಿಯೂ ಸುಡದೆ, ಯಂತ್ರವು ತನ್ನ ಕೆಲಸವನ್ನು ನಿಲ್ಲಿಸುವುದು ಸಾಧ್ಯವೇ? ಸಾಧ್ಯವೆಂಬುದನ್ನು ನಾವು 2022ರ ಮಳೆಗಾಲದಲ್ಲಿ ಮಲೆನಾಡಿನ ಒಂದು ಮನೆಯಲ್ಲಿ ಕಣ್ಣಾರೆ ಕಂಡೆವು. ಆ ಕಥೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸತಕ್ಕ ಹಲವು ಸಂಗತಿಗಳಿರುವುದರಿಂದ ಅದನ್ನು ಇಲ್ಲಿ ವಿವರಿಸುತ್ತೇವೆ.

ಆ ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ವಯಸ್ಸಾದಂತೆ ಅವರ ದೃಷ್ಟಿ ಮಂದವಾಗಿತ್ತು. ಓದು ನಿಂತ ಮೇಲೆ ಅವರಿಗೆ ಉಳಿದಿದ್ದ ಸಂಗಾತಿಯೆಂದರೆ ಟೆಲಿವಿಷನ್ನಿನ ಬಳಿ ಇದ್ದ ಒಂದು ಸೆಟ್-ಟಾಪ್ ಬಾಕ್ಸ್. ಸುಮಾರು ಒಂಬತ್ತು ವರ್ಷ ಹಳೆಯದಾದ ಆ ಪೆಟ್ಟಿಗೆಯು ಛಾವಣಿಯ ಮೇಲಿನ ಡಿಶ್ಶಿನಿಂದ ಚಿತ್ರವನ್ನೂ, ಅಂತರಜಾಲದ ತಂತಿಯಿಂದ ಬಾನುಲಿಯನ್ನೂ ತಂದುಕೊಡುತ್ತಿತ್ತು. ಹನ್ನೆರಡು ಬಾನುಲಿ ನಿಲಯಗಳನ್ನು ರಿಮೋಟಿನ ಅಂಕಿಗಳಿಗೆ ಜೋಡಿಸಿಕೊಡಲಾಗಿತ್ತು. ಮೂರನ್ನು ಒತ್ತಿದರೆ ಕರ್ನಾಟಕ ಸಂಗೀತ, ಐದನ್ನು ಒತ್ತಿದರೆ ವಾರ್ತೆ. ಹೀಗೆ ಕಣ್ಣಿನ ಸಹಾಯವಿಲ್ಲದೆ ಬೆರಳಿನ ಅಭ್ಯಾಸದಿಂದಲೇ ಅವರು ತಮಗೆ ಬೇಕಾದುದನ್ನು ಕೇಳುತ್ತಿದ್ದರು. ಒಂದು ದಿನ ಅದು ಮೂಕವಾಯಿತು. ಪರದೆಯ ಮೇಲೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಒಂದೇ ಸಾಲು. ಅಂಗಡಿಯವರು ನೋಡಿ, ಇದು ಹಳೆಯ ಮಾದರಿ, ರಿಪೇರಿಯಾಗುವುದಿಲ್ಲ, ಹೊಸದನ್ನು ಕೊಳ್ಳಿರಿ ಎಂದರು. ನುಣುಪಾದ ಗಾಜಿನ ಮೇಲೆ ಬೆರಳಾಡಿಸುವ ಹೊಸ ಸಲಕರಣೆಗಳನ್ನು ಬಳಸುವುದು ಕಣ್ಣು ಕಾಣದ ಆ ಹಿರಿಯರಿಗೆ ಆಗದ ಮಾತು. “ತಾವೊಮ್ಮೆ ನೋಡಿ ಹೇಳಿರಿ. ಇದು ಸತ್ತಿದೆಯೋ, ನಿದ್ರಿಸುತ್ತಿದೆಯೋ?” ಎಂದು ಅವರು ನಮ್ಮನ್ನು ಕೇಳಿದರು. ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ಅವರ ಮೊಮ್ಮಗಳು ಕಾಗದ, ಪೆನ್ಸಿಲುಗಳೊಡನೆ ನಮ್ಮ ಪಕ್ಕದಲ್ಲಿ ಬಂದು ಕುಳಿತಳು.

ಎರಡು ಬಗೆಯ ಬಾನುಲಿ

ಪರೀಕ್ಷೆಗೆ ತೊಡಗುವ ಮುನ್ನ ಅಂತರಜಾಲದ ಬಾನುಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕು.

1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ‘ಆಕಾಶವಾಣಿ’ ನಿಲಯದ ಕಾರ್ಯಕ್ರಮವನ್ನು ಕೇಳಬೇಕಾದರೆ ರೇಡಿಯೋ ಸೆಟ್ಟು ಮಾಡಬೇಕಾಗಿದ್ದುದು ಒಂದೇ ಕೆಲಸ: ಗಾಳಿಯಲ್ಲಿ ಬರುವ ಅಲೆಯ ಆವರ್ತನಕ್ಕೆ ತನ್ನನ್ನು ಶ್ರುತಿಗೂಡಿಸಿಕೊಳ್ಳುವುದು. ನಿಲಯವು ಎಲ್ಲರಿಗೂ ಒಟ್ಟಾಗಿ ಸಾರುತ್ತಿತ್ತು. ಕೇಳುವವರು ಯಾರು, ಎಷ್ಟು ಮಂದಿ ಎಂಬುದು ಅದಕ್ಕೆ ಗೊತ್ತಿರಬೇಕಾಗಿರಲಿಲ್ಲ. ನಿಲಯಕ್ಕೂ ಸೆಟ್ಟಿಗೂ ನಡುವಣ ಈ ಒಪ್ಪಂದ ಅತಿ ಸರಳವಾದುದು, ಇಂದಿಗೂ ಬದಲಾಗದಿರುವುದು. ಆದುದರಿಂದಲೇ ಮಧ್ಯಮ ತರಂಗದ ಪ್ರಸಾರವಿರುವಲ್ಲೆಲ್ಲ ಅರವತ್ತು ವರ್ಷ ಹಿಂದಿನ ಸೆಟ್ಟೂ, ಅದರ ಭಾಗಗಳು ಸುಸ್ಥಿತಿಯಲ್ಲಿದ್ದರೆ, ಇಂದು ಹಾಡಬಲ್ಲುದು.

ಅಂತರಜಾಲದ ಬಾನುಲಿಯ ರೀತಿಯೇ ಬೇರೆ. 1993ರಲ್ಲಿ ಅಮೆರಿಕದ ಕಾರ್ಲ್ ಮಾಲಮುದ್ ಎಂಬವರು ಈ ಜಾಲದ ಮೂಲಕ ಮಾತಿನ ಕಾರ್ಯಕ್ರಮಗಳನ್ನು ಹಂಚಲು ಆರಂಭಿಸಿದರು. 1998ರಲ್ಲಿ ‘ಶೌಟ್‌ಕಾಸ್ಟ್’ ಎಂಬ ತಂತ್ರಾಂಶ ಬಂದ ಮೇಲೆ, ಸಾಮಾನ್ಯ ಗಣಕಯಂತ್ರ ಉಳ್ಳವರೂ ಸ್ವಂತ ನಿಲಯವನ್ನು ನಡೆಸುವುದು ಸಾಧ್ಯವಾಯಿತು. ಇಲ್ಲಿ ನಿಲಯವು ಗಾಳಿಗೆ ಸಾರುವುದಿಲ್ಲ. ಕೇಳುವ ಪೆಟ್ಟಿಗೆಯೇ ನಿಲಯದ ಸರ್ವರ್ ಗಣಕಯಂತ್ರವನ್ನು ಹುಡುಕಿಕೊಂಡು ಹೋಗಿ, ಬಾಗಿಲು ತಟ್ಟಿ, ‘ನನಗೆ ನಿಮ್ಮ ಕಾರ್ಯಕ್ರಮ ಬೇಕು’ ಎಂದು ಕೇಳಬೇಕು. ಸರ್ವರ್ ಒಪ್ಪಿದರೆ ಧ್ವನಿಯನ್ನು ಅಂಕಿಗಳ ರೂಪದಲ್ಲಿ, ಎಂಪಿ3 ಮುಂತಾದ ಕ್ರಮಗಳಿಂದ ಅಡಕಗೊಳಿಸಿ, ಧಾರೆಯಾಗಿ ಹರಿಸುತ್ತದೆ.

ಈ ಧಾರೆಯ ಗಾತ್ರವನ್ನು ಲೆಕ್ಕ ಹಾಕಬಹುದು. ಸೆಕೆಂಡಿಗೆ 1,28,000 ಬಿಟ್‌ಗಳ ಧಾರೆಯೆಂದು ಇಟ್ಟುಕೊಳ್ಳೋಣ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ ಸೆಕೆಂಡಿಗೆ 16,000 ಬೈಟ್, ಗಂಟೆಗೆ 5 ಕೋಟಿ 76 ಲಕ್ಷ ಬೈಟ್, ಅಂದರೆ 57.6 ಮೆಗಾಬೈಟ್. ಜಾಲದಲ್ಲಿ ಹರಿವು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮನೆಯ ಮೇಲೆ ನೀರಿನ ತೊಟ್ಟಿ ಇಡುವಂತೆ ಪೆಟ್ಟಿಗೆಯು ಸ್ವಲ್ಪ ಧ್ವನಿಯನ್ನು ತನ್ನ ನೆನಪಿನಲ್ಲಿ ತುಂಬಿಟ್ಟುಕೊಂಡು ಅಲ್ಲಿಂದ ನುಡಿಸುತ್ತದೆ. 64,000 ಬೈಟಿನ ತೊಟ್ಟಿಯಾದರೆ ಅದರಲ್ಲಿ ನಾಲ್ಕು ಸೆಕೆಂಡಿನ ಸಂಗೀತ ಹಿಡಿಯುತ್ತದೆ.

ಹೀಗೆ ಇಲ್ಲಿ ಪೆಟ್ಟಿಗೆಗೆ ಹಲವು ವಿಷಯಗಳು ಗೊತ್ತಿರಬೇಕು: ನಿಲಯದ ವಿಳಾಸ, ಬಾಗಿಲು ತಟ್ಟುವ ರೀತಿ, ಒಳಗಿರುವವರನ್ನು ಗುರುತಿಸುವ ಬಗೆ, ಧ್ವನಿಯನ್ನು ಬಿಡಿಸುವ ಕ್ರಮ. ಇವುಗಳಲ್ಲಿ ಯಾವುದಾದರೂ ಒಂದು ಹೊರಜಗತ್ತಿನಲ್ಲಿ ಬದಲಾಗಿ, ಪೆಟ್ಟಿಗೆಗೆ ಆ ಸುದ್ದಿ ತಲಪದಿದ್ದರೆ, ಫಲ ಒಂದೇ: ಮೌನ. ನಾಲ್ಕು ಬೇರೆ ಬೇರೆ ರೋಗಗಳಿಗೆ ಒಂದೇ ಲಕ್ಷಣವಿದ್ದಂತೆ.

ಹನ್ನೆರಡರಲ್ಲಿ ಎರಡು

ನಾವು ಮೊದಲು ಮಾಡಿದ ಕೆಲಸವೆಂದರೆ ಹನ್ನೆರಡು ನಿಲಯಗಳನ್ನೂ ಒಂದೊಂದಾಗಿ ಒತ್ತಿ ನೋಡಿದುದು. ಮನೆಯವರು ಎಲ್ಲವೂ ನಿಂತಿವೆಯೆಂದು ಹೇಳಿದ್ದರು. ಆದರೆ ಅಜ್ಜ ಎಂದೂ ಒತ್ತದಿದ್ದ ಎರಡು ನಿಲಯಗಳು ಸ್ಪಷ್ಟವಾಗಿ ನುಡಿದವು! ಈ ಸಣ್ಣ ಸಂಗತಿಯಿಂದ ಎಷ್ಟೊಂದು ವಿಷಯ ತಿಳಿಯಿತೆಂಬುದನ್ನು ಗಮನಿಸಿರಿ. ಎರಡು ನುಡಿದುದರಿಂದ ಅಂತರಜಾಲದ ತಂತಿ ಸರಿಯಾಗಿದೆ, ಪೆಟ್ಟಿಗೆಯ ಧ್ವನಿವಿಭಾಗ ಸರಿಯಾಗಿದೆ, ಎಂಪಿ3 ಬಿಡಿಸುವ ಶಕ್ತಿ ಉಳಿದಿದೆ, ಧ್ವನಿವರ್ಧಕವೂ ಸರಿಯಾಗಿದೆ. ಪೆಟ್ಟಿಗೆ ಸತ್ತಿಲ್ಲ. ಹಾಗಾದರೆ ಆ ಎರಡಕ್ಕೂ ಉಳಿದ ಹತ್ತಕ್ಕೂ ಏನು ವ್ಯತ್ಯಾಸ?

ಮೊಮ್ಮಗಳು ಹನ್ನೆರಡು ವಿಳಾಸಗಳನ್ನೂ ಕಾಗದದ ಮೇಲೆ ಬರೆದಳು. ನುಡಿಯುತ್ತಿದ್ದ ಎರಡರ ವಿಳಾಸ ‘ಎಚ್‌ಟಿಟಿಪಿ’ ಎಂಬ ಅಕ್ಷರಗಳಿಂದ ಆರಂಭವಾಗಿದ್ದಿತು. ಉಳಿದ ಹತ್ತರಲ್ಲಿ ಒಂಬತ್ತು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗುತ್ತಿದ್ದುವು. ಕೊನೆಗೆ ಬಂದ ಆ ‘ಎಸ್’ ಅಕ್ಷರದ ಅರ್ಥ ‘ಸುರಕ್ಷಿತ’ ಎಂದು. ಇಂತಹ ಸಂಪರ್ಕದಲ್ಲಿ ಮಾತುಕತೆಯು ಗೂಢಲಿಪಿಯಲ್ಲಿ ನಡೆಯುವುದಲ್ಲದೆ, ಸರ್ವರ್ ಮೊದಲು ತನ್ನ ಗುರುತಿನ ಪ್ರಮಾಣಪತ್ರವನ್ನು ತೋರಿಸಬೇಕು. ಆ ಪತ್ರದಲ್ಲಿ ನಿಲಯದ ಹೆಸರು, ಅದನ್ನು ಕೊಟ್ಟ ಸಂಸ್ಥೆಯ ಸಹಿ ಮತ್ತು ‘ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ’ ಎಂಬ ಅವಧಿ ಇರುತ್ತವೆ. ಅವಧಿಯನ್ನು ಪರೀಕ್ಷಿಸಲು ಪೆಟ್ಟಿಗೆಗೆ ಇಂದಿನ ದಿನಾಂಕ ಗೊತ್ತಿರಬೇಕಷ್ಟೆ? ನಾವು ಗಡಿಯಾರದ ಪುಟವನ್ನು ತೆರೆದು ನೋಡಿದೆವು.

ಹೊರಗೆ ಸಂಜೆಯ ಮಳೆ ಸುರಿಯುತ್ತಿತ್ತು. ಪೆಟ್ಟಿಗೆಯ ಗಡಿಯಾರದಲ್ಲಿ ಮಾತ್ರ ಬೆಳಗ್ಗೆ 6 ಗಂಟೆ 12 ನಿಮಿಷ, 1 ಜನವರಿ 1970!

ಸೂರ್ಯೋದಯದಲ್ಲಿ ಸಿಕ್ಕಿಕೊಂಡ ಗಡಿಯಾರ

ಯುನಿಕ್ಸ್ ಮತ್ತು ಲಿನಕ್ಸ್ ವಂಶದ ಯಂತ್ರಗಳು ಕಾಲವನ್ನು 1970ನೆಯ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಎಣಿಕೆ ಸೊನ್ನೆಯಾಗಿದ್ದಾಗ ಭಾರತದಲ್ಲಿ ಬೆಳಗ್ಗೆ 5 ಗಂಟೆ 30 ನಿಮಿಷ. ಮನೆಯಲ್ಲಿ ವಿದ್ಯುತ್ತು ಹೋಗಿ ಮತ್ತೆ ಬಂದು 42 ನಿಮಿಷಗಳಾಗಿದ್ದವು. ಐದೂವರೆಗೆ 42 ನಿಮಿಷ ಕೂಡಿಸಿದರೆ 6 ಗಂಟೆ 12 ನಿಮಿಷ. ಲೆಕ್ಕ ಸರಿಹೋಯಿತು! ಕೈಗಡಿಯಾರದಲ್ಲಿರುವಂತಹ ಬ್ಯಾಟರಿ ಈ ಪೆಟ್ಟಿಗೆಯಲ್ಲಿ ಇರಲಿಲ್ಲ. ವಿದ್ಯುತ್ತು ಹೋದಾಗಲೆಲ್ಲ ಅದರ ಕಾಲ ಸೊನ್ನೆಯಿಂದಲೇ ಆರಂಭವಾಗುತ್ತಿತ್ತು.

ಆದರೆ ಮಲೆನಾಡಿನಲ್ಲಿ ವಿದ್ಯುತ್ತು ಹೋಗಿಬರುವುದು ಹೊಸದೇನೂ ಅಲ್ಲ. ಹಿಂದಿನ ಎಂಟು ವರ್ಷ ಈ ತೊಂದರೆ ಏಕೆ ಕಾಣಲಿಲ್ಲ? ಉತ್ತರ ಛಾವಣಿಯ ಮೇಲೆ ದೊರೆಯಿತು. ಉಪಗ್ರಹದಿಂದ ಬರುವ ಟೆಲಿವಿಷನ್ ಪ್ರಸಾರದಲ್ಲಿ ಚಿತ್ರ ಮತ್ತು ಧ್ವನಿಗಳ ಜೊತೆಗೆ ದಿನಾಂಕ ಮತ್ತು ಸಮಯವನ್ನು ತಿಳಿಸುವ ಒಂದು ಸಣ್ಣ ಕೋಷ್ಟಕವೂ ಬರುತ್ತಿರುತ್ತದೆ. ಪೆಟ್ಟಿಗೆಯು ಎದ್ದೊಡನೆ ಅದನ್ನು ನೋಡಿ ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತಿತ್ತು. ಮಳೆಗೆ ಮುನ್ನ ಮನೆಯ ಹೆಂಚು ತೆಗೆದು ಹೊದಿಸುವಾಗ ಡಿಶ್ಶನ್ನು ಇಳಿಸಿ ಮೂಲೆಯಲ್ಲಿ ಇಟ್ಟಿದ್ದರು. ಟೆಲಿವಿಷನ್ ನೋಡುವವರು ಇಲ್ಲದುದರಿಂದ ಯಾರೂ ಅದನ್ನು ಮತ್ತೆ ಏರಿಸಲಿಲ್ಲ. ಅಂತರಜಾಲದ ಬಾನುಲಿಗೂ ಡಿಶ್ಶಿಗೂ ಸಂಬಂಧವಿದೆಯೆಂದು ಊಹಿಸುವವರಾದರೂ ಯಾರು? ತನ್ನ ಲೆಕ್ಕದಲ್ಲಿ 1970ರಲ್ಲಿದ್ದ ಪೆಟ್ಟಿಗೆಗೆ 2022ರ ಪ್ರಮಾಣಪತ್ರಗಳೆಲ್ಲವೂ ‘ಇನ್ನೂ ಜಾರಿಗೆ ಬಾರದವು’ ಎಂದು ತೋರಿ, ಅದು ಅವನ್ನು ತಿರಸ್ಕರಿಸುತ್ತಿತ್ತು. ಪ್ರಮಾಣಪತ್ರ ಕೇಳದ ಎರಡು ನಿಲಯಗಳು ಮಾತ್ರ ಈ ಕಾರಣದಿಂದಲೇ ಉಳಿದುಕೊಂಡಿದ್ದವು.

ಪರಿಹಾರ ಸುಲಭವಾಗಿತ್ತು. ಪೆಟ್ಟಿಗೆಯ ಸಿದ್ಧತೆಗಳ ಪಟ್ಟಿಯಲ್ಲಿ ‘ಸಮಯದ ಮೂಲ’ ಎಂಬ ಕಡೆ ‘ಪ್ರಸಾರ’ ಎಂದಿದ್ದುದನ್ನು ‘ಅಂತರಜಾಲ’ ಎಂದು ಬದಲಿಸಿದೆವು. ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ‘ಎನ್‌ಟಿಪಿ’ ಎಂಬ ಈ ಕ್ರಮವನ್ನು ಅಮೆರಿಕದ ಡೇವಿಡ್ ಮಿಲ್ಸ್ ಅವರು 1985ರ ವೇಳೆಗೆ ರೂಪಿಸಿದರು. ಇದಕ್ಕೆ ಪ್ರಮಾಣಪತ್ರ ಬೇಕಿಲ್ಲವಾದುದರಿಂದ ಕಾಲವನ್ನೇ ಅರಿಯದ ಯಂತ್ರವೂ ಇದರ ಸಹಾಯ ಪಡೆಯಬಹುದು. ಕ್ಷಣಮಾತ್ರದಲ್ಲಿ ಪೆಟ್ಟಿಗೆಯು ಐವತ್ತೆರಡು ವರ್ಷಗಳನ್ನು ದಾಟಿ ಬಂದಿತು. ನಾಲ್ಕು ನಿಲಯಗಳು ಮರಳಿ ನುಡಿದವು. ಆದರೆ ಮೂರನೆಯ ಅಂಕಿ ಇನ್ನೂ ಮೌನವಾಗಿಯೇ ಇತ್ತು.

ಅವಧಿ ಮುಗಿದ ಸಹಿ

“ಅದು ಈಗ ನಿಂತುದಲ್ಲ. ಹೋದ ವರ್ಷ ನವರಾತ್ರಿಗೆ ಒಂದು ವಾರ ಮುಂಚೆಯೇ ನಿಂತಿತು. ನವರಾತ್ರಿಯ ಕಛೇರಿಗಳನ್ನು ಕೇಳಬೇಕೆಂದಿದ್ದೆ, ಆಗಲಿಲ್ಲ” ಎಂದರು ಅಜ್ಜ. ಮೊಮ್ಮಗಳು ಪಂಚಾಂಗವನ್ನು ತೆಗೆದು ನೋಡಿದಳು. 2021ರಲ್ಲಿ ನವರಾತ್ರಿ ಆರಂಭವಾದುದು ಅಕ್ಟೋಬರ್ 7ರಂದು. ಅದಕ್ಕೆ ಒಂದು ವಾರ ಮುಂಚೆ ಎಂದರೆ ಸೆಪ್ಟೆಂಬರ್ 30. ಆ ದಿನಾಂಕವನ್ನು ಕೇಳಿದೊಡನೆ ನಮಗೆ ರೋಗದ ಹೆಸರು ಹೊಳೆಯಿತು.

ಪ್ರಮಾಣಪತ್ರಕ್ಕೆ ಸಹಿ ಹಾಕಿದವರನ್ನು ನಂಬುವುದು ಹೇಗೆ? ಬ್ಯಾಂಕುಗಳಲ್ಲಿ ಮಾದರಿ ಸಹಿಗಳನ್ನು ಇಟ್ಟುಕೊಂಡಿರುವುದನ್ನು ನೀವು ಬಲ್ಲಿರಿ. ಹಾಗೆಯೇ ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ತಯಾರಾಗುವಾಗಲೇ ಕೆಲವು ‘ಮೂಲ ಪ್ರಮಾಣಪತ್ರ’ಗಳನ್ನು ಇಟ್ಟಿರುತ್ತಾರೆ. ನಿಲಯದ ಪತ್ರಕ್ಕೆ ಒಬ್ಬರ ಸಹಿ, ಅವರ ಪತ್ರಕ್ಕೆ ಇನ್ನೊಬ್ಬರ ಸಹಿ, ಹೀಗೆ ಕೊಂಡಿಕೊಂಡಿಯಾಗಿ ಏರುತ್ತ ಹೋಗಿ ಕೊನೆಗೆ ಪೆಟ್ಟಿಗೆಯ ಪುಸ್ತಕದಲ್ಲಿರುವ ಒಂದು ಮೂಲ ಸಹಿಯನ್ನು ಮುಟ್ಟಿದರೆ ನಂಬಿಕೆ ಹುಟ್ಟುತ್ತದೆ.

2015ರಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆಯು ಉಚಿತವಾಗಿ ಪ್ರಮಾಣಪತ್ರಗಳನ್ನು ಕೊಡಲು ಆರಂಭಿಸಿತು. ಹಣದ ಅನುಕೂಲವಿಲ್ಲದ ಸಣ್ಣ ನಿಲಯಗಳಿಗೆ ಇದು ದೊಡ್ಡ ಉಪಕಾರ. ಆದರೆ ಅದು ಹೊಸ ಸಂಸ್ಥೆ. ಅದರ ಮೂಲ ಸಹಿಯಾದ ‘ಐಎಸ್‌ಆರ್‌ಜಿ ರೂಟ್ ಎಕ್ಸ್1’ ಹಳೆಯ ಪೆಟ್ಟಿಗೆಗಳ ಪುಸ್ತಕದಲ್ಲಿ ಇರಲಿಲ್ಲ. ಆದುದರಿಂದ ಎಲ್ಲರೂ ಬಲ್ಲ ಹಿರಿಯ ಸಹಿಯೊಂದು, ‘ಡಿಎಸ್‌ಟಿ ರೂಟ್ ಸಿಎ ಎಕ್ಸ್3’ ಎಂಬುದು, ಅದಕ್ಕೆ ಜಾಮೀನು ನಿಂತಿತು. 2000ನೆಯ ವರ್ಷದಲ್ಲಿ ಹುಟ್ಟಿದ ಈ ಹಿರಿಯ ಸಹಿಯ ಅವಧಿ 2021ರ ಸೆಪ್ಟೆಂಬರ್ 30ರಂದು, ಭಾರತೀಯ ಕಾಲಮಾನ ಸಂಜೆ 7 ಗಂಟೆ 31 ನಿಮಿಷಕ್ಕೆ ಮುಗಿಯಿತು. ಆ ಘಳಿಗೆಯಿಂದ ಲೋಕದಾದ್ಯಂತ ಹಳೆಯ ಫೋನುಗಳು, ಟೆಲಿವಿಷನ್ನುಗಳು, ಪೆಟ್ಟಿಗೆಗಳು ಎಷ್ಟೋ ನಿಲಯಗಳನ್ನೂ ತಾಣಗಳನ್ನೂ ಗುರುತಿಸಲಾರದೆ ಹೋದವು. ಅಜ್ಜನ ಸಂಗೀತ ನಿಂತುದೂ ಆ ಸಂಜೆಯೇ.

ಹೊಸ ಮೂಲ ಪತ್ರವನ್ನು ಪುಸ್ತಕಕ್ಕೆ ಸೇರಿಸಿದರೆ ಸಾಕಲ್ಲವೇ? ನಾವೂ ಹಾಗೆಂದೇ ಭಾವಿಸಿದೆವು. ಮೊದಲು ಹಳೆಯ ಕಡತದ ಪ್ರತಿಯೊಂದನ್ನು ಬೇರೆಡೆ ಜೋಪಾನವಾಗಿಟ್ಟು, ಮನೆಯ ಗಣಕಯಂತ್ರದಿಂದ ಜಾಲದ ಮೂಲಕ ಪೆಟ್ಟಿಗೆಯನ್ನು ಪ್ರವೇಶಿಸಿ, ಹೊಸ ಪತ್ರವನ್ನು ಸೇರಿಸಿದೆವು. ಆದರೂ ಮೌನ! ಕಾರಣವು ಸ್ವಾರಸ್ಯವಾಗಿದೆ. ಆಗ ನಿಲಯಗಳು ಕಳುಹಿಸುತ್ತಿದ್ದ ಪತ್ರಗಳ ಸರಣಿಯು ಹೊಸ ಸಹಿಯನ್ನು ದಾಟಿ, ಅದಕ್ಕೆ ಜಾಮೀನು ನಿಂತ ಹಳೆಯ ಸಹಿಯವರೆಗೆ ಏರುತ್ತಿತ್ತು. ಪೆಟ್ಟಿಗೆಯಲ್ಲಿದ್ದ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶದ 1.0.2ನೆಯ ಆವೃತ್ತಿಯು ನಡುವೆ ನಂಬತಕ್ಕವರು ಸಿಕ್ಕಿದರೂ ನಿಲ್ಲದೆ, ತೋರಿಸಿದ ದಾರಿಯ ಕೊನೆಯವರೆಗೂ ಹೋಗಿ, ಅಲ್ಲಿ ಅವಧಿ ಮುಗಿದ ಸಹಿಯನ್ನು ಕಂಡು ಹಿಂದಿರುಗುತ್ತಿತ್ತು. ಹಳೆಯ ಸಹಿಯನ್ನು ಪುಸ್ತಕದಿಂದ ತೆಗೆದುಹಾಕಿದ ಮೇಲೆ ಮಾತ್ರ ಅದು ಬೇರೆ ದಾರಿಯನ್ನು ಹುಡುಕಿ ಹೊಸ ಸಹಿಯ ಬಳಿ ನಿಂತಿತು. ಹೊಸದನ್ನು ಕಲಿಸಿದರೆ ಸಾಲದು, ಹಳತಾದುದನ್ನು ಮರೆಯಿಸಲೂ ಬೇಕಾಯಿತು. ಈ ಜಾಮೀನು ಪತ್ರವೂ 2024ರ ಸೆಪ್ಟೆಂಬರ್ 30ರಂದು ಕೊನೆಗೊಂಡಿತು. ಆದುದರಿಂದ ಇಂದು ಇದೇ ರೋಗ ಕಂಡರೆ ಹೊಸ ಪತ್ರವೊಂದನ್ನು ಸೇರಿಸುವುದರಿಂದಲೇ ಸಾಮಾನ್ಯವಾಗಿ ಗುಣವಾಗುತ್ತದೆ.

ಮೊಮ್ಮಗಳು ರಿಮೋಟನ್ನು ಅಜ್ಜನ ಕೈಗೆ ಕೊಟ್ಟಳು. ಅವರ ಹೆಬ್ಬೆರಳು ತಾನಾಗಿಯೇ ಮೂರನೆಯ ಅಂಕಿಯನ್ನು ಹುಡುಕಿತು. ತೊಟ್ಟಿ ತುಂಬಲು ಬೇಕಾದ ಕೆಲವು ಸೆಕೆಂಡುಗಳು ಕಳೆದು, ತಂಬೂರಿಯ ಶ್ರುತಿ ಕೋಣೆಯನ್ನು ತುಂಬಿತು. ಅಜ್ಜ ಏನೂ ಮಾತನಾಡಲಿಲ್ಲ. ಅದರೊಂದಿಗೆ ಇನ್ನೂ ಎರಡು ನಿಲಯಗಳು ಬದುಕಿದವು. ಈಗ ಒಟ್ಟು ಒಂಬತ್ತು.

ಉಳಿದ ಮೂರು

ಉಳಿದ ಮೂರರಲ್ಲಿ ಒಂದು ನಿಲಯವು ಬೇರೆ ಸರ್ವರಿಗೆ ವಾಸ ಬದಲಿಸಿತ್ತು. ಹಳೆಯ ವಿಳಾಸದಲ್ಲಿ ‘404’ ಎಂಬ ಉತ್ತರ ಬರುತ್ತಿತ್ತು. ‘ನೀವು ಕೇಳಿದ್ದು ಇಲ್ಲಿಲ್ಲ’ ಎಂಬುದು ಅದರ ಅರ್ಥ. ನಿಲಯದವರೇ ಪ್ರಕಟಿಸಿದ್ದ ಹೊಸ ವಿಳಾಸವನ್ನು ಬರೆದೊಡನೆ ಅದು ನುಡಿಯಿತು.

ಎರಡನೆಯದು ತನ್ನ ಪ್ರಸಾರದ ಕ್ರಮವನ್ನೇ ಬದಲಿಸಿತ್ತು. 2009ರಲ್ಲಿ ಆ್ಯಪಲ್ ಸಂಸ್ಥೆ ಬಳಕೆಗೆ ತಂದ ‘ಎಚ್‌ಎಲ್‌ಎಸ್’ ಎಂಬ ಕ್ರಮದಲ್ಲಿ ಧ್ವನಿಯು ಧಾರೆಯಾಗಿ ಹರಿಯುವುದಿಲ್ಲ. ಕೆಲವು ಕೆಲವು ಸೆಕೆಂಡಿನ ತುಂಡುಗಳಾಗಿ ಸಿದ್ಧವಾಗಿರುತ್ತದೆ. ಪೆಟ್ಟಿಗೆಯು ಪಟ್ಟಿಯನ್ನು ಮತ್ತೆ ಮತ್ತೆ ಓದಿ ತುಂಡುಗಳನ್ನು ತಾನೇ ತಂದು ಜೋಡಿಸಿಕೊಳ್ಳಬೇಕು. ನಮ್ಮ ಪೆಟ್ಟಿಗೆಗೆ ಈ ವಿದ್ಯೆ ತಿಳಿಯದು. ಇಂತಹ ಸಂದರ್ಭದಲ್ಲಿ ದುಭಾಷಿಯೊಬ್ಬನನ್ನು ನೇಮಿಸುವುದೇ ಉಪಾಯ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಎಫ್‌ಎಫ್‌ಎಂಪೆಗ್’ ಮತ್ತು ‘ಐಸ್‌ಕಾಸ್ಟ್’ ಎಂಬ ಉಚಿತ ತಂತ್ರಾಂಶಗಳನ್ನು ಹಾಕಿದೆವು. ಮೊದಲನೆಯದು ತುಂಡುಗಳನ್ನು ತಂದು ಎಂಪಿ3 ಆಗಿ ಬದಲಿಸುತ್ತದೆ. ಎರಡನೆಯದು ಅದನ್ನು ಹಳೆಯ ಕಾಲದ ಧಾರೆಯಾಗಿ ಪೆಟ್ಟಿಗೆಗೆ ಹರಿಸುತ್ತದೆ. ತಯಾರಕರು ಒಳಹೊಗಲು ಅವಕಾಶವನ್ನೇ ಕೊಡದೆ ಮುಚ್ಚಿರುವ ಪೆಟ್ಟಿಗೆಗಳಿಗೂ, ಬೇಕಾದ ವಿಳಾಸವನ್ನು ನಾವೇ ಬರೆಯಲು ಬರುವುದಾದರೆ, ಈ ಮದ್ದು ನಾಟುತ್ತದೆ. ಆದರೆ ಇದು ಮನೆಯೊಳಗಿನ ಉಪಯೋಗಕ್ಕೆ ಮಾತ್ರ. ಪರರ ಪ್ರಸಾರವನ್ನು ಊರಿಗೆಲ್ಲ ಹಂಚುವ ಹಕ್ಕು ನಮಗಿಲ್ಲ.

ಮೂರನೆಯ ನಿಲಯವು ಪ್ರಸಾರವನ್ನೇ ನಿಲ್ಲಿಸಿತ್ತು. ಅದಕ್ಕೆ ಯಾವ ರಿಪೇರಿಯೂ ಇಲ್ಲ. ನಮ್ಮ ಪೆಟ್ಟಿಗೆಯ ಮೌನ ಯಾವುದು, ಹೇಳುವವರೇ ಇಲ್ಲದ ಮೌನ ಯಾವುದು ಎಂದು ವಿಂಗಡಿಸುವುದೂ ರಿಪೇರಿಯ ಒಂದು ಭಾಗವೇ.

ಎಚ್ಚರಿಕೆಯ ಮಾತು

ಈ ಲೇಖನವನ್ನೋದಿ ಕೆಲಸಕ್ಕೆ ತೊಡಗುವ ತರುಣರಿಗೆ ಮೂರು ಮಾತುಗಳನ್ನು ಹೇಳಬೇಕು. ಮೊದಲನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ಬರೆದಿಡಿರಿ. ಹಳೆಯ ಕಡತವನ್ನು ಉಳಿಸಿಕೊಳ್ಳದೆ ಹೊಸದನ್ನು ಹಾಕಬೇಡಿರಿ. ಎರಡನೆಯದಾಗಿ, ಪ್ರಮಾಣಪತ್ರದ ಪರೀಕ್ಷೆಯನ್ನೇ ಆರಿಸಿಬಿಡುವ ಅಡ್ಡದಾರಿಯನ್ನು ಕೆಲವರು ಸೂಚಿಸುವುದುಂಟು. ಬೀಗ ತೆರೆಯಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಅದು. ಹಾಗೆ ಮಾಡಿದರೆ ಯಾರು ಬೇಕಾದರೂ ನಿಲಯದ ವೇಷ ಧರಿಸಿ ಪೆಟ್ಟಿಗೆಗೆ ಏನನ್ನಾದರೂ ಕಳುಹಿಸಬಹುದು. ಅಪರಿಚಿತರು ಕೊಡುವ ‘ತಿದ್ದಿದ’ ತಂತ್ರಾಂಶವೂ ಇಷ್ಟೇ ಅಪಾಯಕರ. ಮೂರನೆಯದಾಗಿ, ಈ ಯಾವ ಕೆಲಸಕ್ಕೂ ಪೆಟ್ಟಿಗೆಯ ಮುಚ್ಚಳವನ್ನು ತೆರೆಯಬೇಕಾಗಿಲ್ಲ. ಒಳಗಿನ ವಿದ್ಯುತ್ ಭಾಗ ಪ್ರಾಣಾಪಾಯವನ್ನುಂಟುಮಾಡಬಲ್ಲುದು.

2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 6 ಕೋಟಿ 20 ಲಕ್ಷ ಟನ್ನು ವಿದ್ಯುನ್ಮಾನ ಕಸ ಉಂಟಾಯಿತೆಂದೂ, ಅದರಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆ ಮಾತ್ರ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂದೂ ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಆ ರಾಶಿಯಲ್ಲಿ ನಮ್ಮ ಈ ಪೆಟ್ಟಿಗೆಯಂತೆ ಒಡಲು ಗಟ್ಟಿಯಾಗಿದ್ದು ತಿಳಿವು ಮಾತ್ರ ಹಳತಾದವೂ ಇರಲೇಬೇಕು. ಹೊಸ ಕಾಲದ ಯಂತ್ರಗಳು ಸವೆದು ಮುದಿಯಾಗುವುದಕ್ಕಿಂತ ಮುಂಚೆ ಸುದ್ದಿ ತಿಳಿಯದೆ ಮುದಿಯಾಗುತ್ತವೆ. ಅವುಗಳಿಗೆ ಬೇಕಾದುದು ಬೆಸುಗೆಯ ಕಡ್ಡಿಯಲ್ಲ, ಕಾಲಕಾಲಕ್ಕೆ ಲೋಕದ ವರ್ತಮಾನ.

ಮರುದಿನ ನಾವು ಹೊರಟಾಗ ಮೊಮ್ಮಗಳು ಪೆಟ್ಟಿಗೆಯ ತಳಕ್ಕೆ ಒಂದು ಚೀಟಿಯನ್ನು ಅಂಟಿಸುತ್ತಿದ್ದಳು. ಮಾಡಿದ ಬದಲಾವಣೆಗಳ ಕೆಳಗೆ ಎರಡು ದಿನಾಂಕಗಳಿದ್ದವು. ಒಂದು 2035ರ ಜೂನ್ 4. ಹೊಸ ಮೂಲ ಸಹಿಯ ಅವಧಿ ಮುಗಿಯುವುದು ಅಂದು. ಇನ್ನೊಂದು 2038ರ ಜನವರಿ 19, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. 32 ಬಿಟ್‌ಗಳಲ್ಲಿ ಸೆಕೆಂಡುಗಳನ್ನು ಎಣಿಸುವ ಇಂತಹ ಹಳೆಯ ಗಡಿಯಾರಗಳ ಎಣಿಕೆ 214,74,83,647ಕ್ಕೆ ತುಂಬಿ, ಮರುಕ್ಷಣವೇ ಅವು 1901ಕ್ಕೆ ಹಿಂದಿರುಗುವುವು. “ಅಷ್ಟು ದಿನ ಈ ಪೆಟ್ಟಿಗೆ ಬಾಳುವುದೇನಮ್ಮ?” ಎಂದು ಅಜ್ಜ ನಕ್ಕರು. “ಬಾಳಿದರೆ ಆಗ ತಿದ್ದುವವರಿಗೆ ಗೊತ್ತಿರಲಿ ಅಜ್ಜ” ಎಂದಳು ಅವಳು.